ಹೆಪ್ಪುಗಟ್ಟಿದ ಕೆರೆಯ ಊರಿನಲ್ಲಿ ಬಾಗಿಲು ಬಡಿದದ್ದು

ದುರ್ಗ ಬಿಡುವ ಮುಂಚೆ

ಚಳಿಗಾಲವೆಂದರೆ ನಮ್ಮ ಚಿತ್ರದುರ್ಗದವರಿಗೆ ಓಡಲಿಕ್ಕೆ ಹೇಳಿ ಮಾಡಿಸಿದ ಕಾಲ. ಬೇಸಿಗೆಯಲ್ಲಿ ಕೋಟೆಯ ಬಂಡೆಗಳು ಬೆಳಗಿನ ಜಾವದಲ್ಲೂ ಹಿಂದಿನ ದಿನದ ಬಿಸಿ ಕಾರುತ್ತಿರುತ್ತವೆ. ಡಿಸೆಂಬರಿನಲ್ಲಾದರೆ ಚಂದ್ರವಳ್ಳಿ ರಸ್ತೆಯಲ್ಲಿ ಎಷ್ಟು ಓಡಿದರೂ ಬೆವರಿಗೆ ಹೊರಗೆ ಬರಲು ಮನಸ್ಸೇ ಬರುವುದಿಲ್ಲ. ಆದರೆ ಕಷ್ಟ ಇರುವುದು ಓಡುವುದರಲ್ಲಲ್ಲ, ಏಳುವುದರಲ್ಲಿ. ರಗ್ಗಿನ ಒಳಗಿನ ಬಿಸಿಯನ್ನು ಬಿಟ್ಟು ನೆಲಕ್ಕೆ ಕಾಲಿಡುವುದಿದೆಯಲ್ಲ, ಅದಕ್ಕಿಂತ ಜೋಗಿಮಟ್ಟಿ ಬೆಟ್ಟ ಏರುವುದು ಸಲೀಸು.

ಇದಕ್ಕೆ ನಮ್ಮ ಗುಂಪಿನ ಹೆಂಗಸರು ಕಂಡುಕೊಂಡ ಉಪಾಯ ಬಾಗಿಲು ಬಡಿಯುವುದು. ಮೊದಲು ಏಳುವವಳು ತಿಪ್ಪಕ್ಕ. ಹಿರಿಯೂರು ಕಡೆಯಿಂದ ಬರುವ ಹೂವಿನ ಬುಟ್ಟಿ ಇಳಿಸಿಕೊಳ್ಳಲು ಅವಳು ಹೇಗೂ ಎದ್ದಿರುತ್ತಾಳೆ. ಅವಳು ಬಂದು ನನ್ನ ಬಾಗಿಲು ಬಡಿಯುತ್ತಾಳೆ, ನಾನು ಹೋಗಿ ಮುಂದಿನ ಬೀದಿಯವಳ ಬಾಗಿಲು ಬಡಿಯುತ್ತೇನೆ, ಅವಳು ಇನ್ನೊಬ್ಬಳದು. ಹೀಗೆ ಒಬ್ಬೊಬ್ಬರನ್ನೇ ಎಳೆದುಕೊಂಡು ಎಲ್ಲರೂ ರಸ್ತೆಗೆ ಬೀಳುತ್ತೇವೆ. ಮೊಬೈಲಿನ ಅಲಾರಾಂ ನಮ್ಮಲ್ಲಿ ನಡೆಯುವುದಿಲ್ಲ. "ಫೋನಿನ ಬಾಯಿ ಮುಚ್ಚಬೋದು, ನನ್ ಬಾಯಿ ಮುಚ್ಚಾಕಾಗಲ್ಲ" ಅನ್ನುತ್ತಾಳೆ ತಿಪ್ಪಕ್ಕ. ಅದು ದುರ್ಗಕ್ಕೆಲ್ಲ ಗೊತ್ತಿರುವ ಸತ್ಯ. ನಮಗೆ ಇನ್ನೊಂದು ನಿಯಮವೂ ಇದೆ. ಹಿಂದಿನವಳು ಬಂದು ಬಡಿಯದಿದ್ದರೆ ಮುಂದಿನವಳು ತಾನೇ ವಾಪಸು ಹೋಗಿ ಅವಳ ಬಾಗಿಲು ಬಡಿಯಬೇಕು.

ನಾನು ಹೊಳಲ್ಕೆರೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ. ಹೆಸರು ಗೌರಮ್ಮ. ಐವತ್ತು ದಾಟಿದ್ದೇನೆ, ಓಡುವುದನ್ನು ಬಿಟ್ಟಿಲ್ಲ. ಸಕ್ಕರೆ ಕಾಯಿಲೆ ಹೊಸ್ತಿಲ ತನಕ ಬಂದು ನನ್ನ ಓಟ ನೋಡಿ ಅಲ್ಲೇ ನಿಂತಿದೆ ಎಂದು ಡಾಕ್ಟರೇ ಹೇಳಿದ್ದಾರೆ. ಕಾಲು ನಿಂತರೆ ಅದು ಒಳಗೆ ಬರುತ್ತದೆ ಅಂತಲೂ ಹೇಳಿದ್ದಾರೆ.

ಹೀಗಿರುವಾಗ ತಂಗಿ ಶಾರದಾ, ನಮ್ಮ ಶಾರಿ, ಫಿನ್ಲೆಂಡಿನಲ್ಲಿ ಮಂಜಿನ ಮೇಲೆ ಜಾರಿ ಬಿದ್ದು ಕಾಲಿನ ಕೀಲು ಮುರಿದುಕೊಂಡಳು. ಕುವೊಪಿಯೊ ಎಂಬ ಊರಿನಲ್ಲಿ ಅವಳು ನರ್ಸು, ಒಂಟಿ ಜೀವ. ನಾನು ಗಳಿಕೆ ರಜೆ ಹಾಕಿ, ಮೂರು ತಿಂಗಳ ವೀಸಾ ಹಿಡಿದು, ರಾಗಿ ಹಿಟ್ಟು, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೊರಟೆ. ಓಡುವ ಬೂಟನ್ನೂ ಇಟ್ಟುಕೊಂಡೆ. ಬಸ್‌ಸ್ಟ್ಯಾಂಡಿಗೆ ಬಂದ ತಿಪ್ಪಕ್ಕ ನನ್ನ ತಲೆಗೆ ಒಂದು ಮೊಳ ಕನಕಾಂಬರ ಮುಡಿಸಿ, "ಅದೆಲ್ಲ ಸರಿ ಗೌರಕ್ಕ, ಅಲ್ಲಿ ನಿನ್ ಬಾಗ್ಲು ಬಡಿಯೋರು ಯಾರವ್ರೆ?" ಎಂದಳು.

"ನಾನೇನು ಚಿಕ್ಕ ಹುಡ್ಗೀನಾ? ನಾನೇ ಎದ್ದೇಳ್ತೀನಿ" ಎಂದೆ. ಅವಳು ನಕ್ಕಳು. ಐಮಂಗಲ ದಾಟುವ ತನಕ ಆ ನಗು ನನಗೆ ಚುಚ್ಚುತ್ತಲೇ ಇತ್ತು.

ಕುವೊಪಿಯೊ: ಲಾಳ ಹೊಡೆಸಿದ ಬೂಟು

ಊರಿನ ಸುತ್ತ ಎಲ್ಲಿ ನೋಡಿದರೂ ಕೆರೆ. ಮಾರಿಕಣಿವೆ ಜಲಾಶಯ ಕಂಡು ಬೆಳೆದ ನಾನು ನೀರು ಕಂಡು ಬೆರಗಾಗುವವಳಲ್ಲ. ಆದರೆ ಈ ಕೆರೆಗಳು ನಾನು ಬಂದ ಕೆಲವೇ ದಿನಗಳಲ್ಲಿ ಬಿಳಿ ಹೊದ್ದು ಮಲಗಿದವು. ಆಮೇಲೆ ಜನ ಅದರ ಮೇಲೆಯೇ ನಾಯಿ ಹಿಡಿದುಕೊಂಡು, ಮಕ್ಕಳನ್ನು ಎಳೆದುಕೊಂಡು ಓಡಾಡತೊಡಗಿದರು. ಬತ್ತಿದಾಗ ಭರಮಸಾಗರದ ಕೆರೆಯಂಗಳದಲ್ಲಿ ನಾನೂ ನಡೆದಿದ್ದೇನೆ. ತುಂಬಿದ ಕೆರೆಯ ಮೇಲೆ ನಡೆಯುವವರನ್ನು ನೋಡಿದ್ದು ಇದೇ ಮೊದಲು.

ಸೂರ್ಯ ಅಲ್ಲಿ ಸರ್ಕಾರಿ ಕಚೇರಿಯವನು. ತಡವಾಗಿ ಬರುತ್ತಾನೆ, ಊಟದ ಹೊತ್ತಿಗೆ ಮುಖ ತೋರಿಸುತ್ತಾನೆ, ಆಮೇಲೆ ಸಿಗುವುದಿಲ್ಲ. ಕತ್ತಲಲ್ಲಿ ಓಡಾಡುವವರೆಲ್ಲ ಕೋಟಿಗೆ ಒಂದು ಹೊಳೆಯುವ ಬಿಲ್ಲೆ ನೇತುಹಾಕಿಕೊಂಡಿರುತ್ತಾರೆ. ಇದ್ಯಾವ ತಾಯಿತವಪ್ಪ, ಇವರಿಗೂ ದೃಷ್ಟಿ ತಾಗುತ್ತದೆಯೇ ಎಂದುಕೊಂಡೆ. ಕಾರಿನ ದೀಪಕ್ಕೆ ಅದು ಹೊಳೆದು, ಇಲ್ಲಿ ಮನುಷ್ಯರಿದ್ದಾರೆ ಅಂತ ತಿಳಿಯಲಿ ಅಂತಷ್ಟೇ ಎಂದು ಶಾರಿ ಹೇಳಿದಳು. ನನಗೂ ಒಂದು ಕಟ್ಟಿದಳು.

ಮೊದಲ ದಿನ ನಮ್ಮೂರ ಬೂಟು ಹಾಕಿಕೊಂಡು ಠೀವಿಯಿಂದ ಓಡಲು ಇಳಿದೆ. ಗೇಟು ದಾಟುವ ಮೊದಲೇ ಅಂಗಾತ ಬಿದ್ದು ಆಕಾಶ ನೋಡುತ್ತಿದ್ದೆ. ಕಿಟಕಿಯಲ್ಲಿ ಕುಂತಿದ್ದ ಶಾರಿ, ತನ್ನ ಮುರಿದ ಕಾಲನ್ನೂ ಮರೆತು ನಕ್ಕಳು.

"ಅಕ್ಕ, ಒಂದ್ ಮನೇಲಿ ಒಂದು ಮುರ್ದ್ ಕಾಲು ಸಾಕು" ಅಂದಳು. ಮರುದಿನ ಅಡಿಯಲ್ಲಿ ಮೊಳೆ ಇರುವ ಬೂಟು ತರಿಸಿಕೊಟ್ಟಳು. ಅದನ್ನು ತಿರುಗಿಸಿ ನೋಡಿ, "ಏನೇ ಇದು, ಎತ್ತಿಗೆ ಹೊಡ್ಸಿದಂಗೆ ನಂಗೂ ಲಾಳ ಹೊಡೆಸಿದ್ಯಲ್ಲೇ" ಎಂದೆ. ಲಾಳ ಎಂದರೇನು ಎಂಬುದನ್ನು ಆಮೇಲೆ ಅಲ್ಲಿಯವರಿಗೆ ವಿವರಿಸುವಷ್ಟರಲ್ಲಿ ನನ್ನ ಇಂಗ್ಲಿಷು ಮುಗಿದೇಹೋಯಿತು. ಬೂಟು ಮಾತ್ರ ನಂಬಿಗಸ್ತ. ಕರ್ ಕರ್ ಎಂದು ಮಂಜನ್ನು ಕಚ್ಚಿ ಹಿಡಿಯುತ್ತಿತ್ತು.

ಡಿಸೆಂಬರ್: ಯಾರೂ ಕೇಳದ ಊರು

ಶಾರಿಯ ಸಾಲುಮನೆಗಳಲ್ಲೇ ಓಡುವವರ ಒಂದು ಪುಟ್ಟ ಗುಂಪಿತ್ತು. ಅದರ ಹಿರಿಯಳು ಮಾರ್ಯಾ, ಅರವತ್ತರ ಮೇಲಿನ ನೀಳ ಹೆಂಗಸು. ಜೊತೆಗೆ ಯೂಹಾ ಎಂಬ ನಿವೃತ್ತ ಬಸ್ ಡ್ರೈವರ್, ಲೈಬ್ರರಿಯಲ್ಲಿ ಕೆಲಸ ಮಾಡುವ ಎಲೀನಾ. ನಾನು ಸೇರಿ ನಾಲ್ವರಾದೆವು. ಚಳಿಗಾಲದ ಕೊನೆಯಲ್ಲಿ, ಕೆರೆ ಗಟ್ಟಿಯಾಗಿರುವಾಗಲೇ, ಅದರ ಮೇಲೆ ಒಂದು ಓಟ ನಡೆಯುತ್ತದೆ. ನಡುವಿನ ದ್ವೀಪ ಸುತ್ತಿ ಬರಬೇಕು. ನಾಲ್ವರು ಒಟ್ಟಿಗೆ ಹೊರಟು ಒಟ್ಟಿಗೆ ಮುಟ್ಟಬೇಕು, ಒಬ್ಬರು ಕಮ್ಮಿಯಾದರೂ ತಂಡ ಲೆಕ್ಕಕ್ಕಿಲ್ಲ. ಮಾರ್ಯಾ ತನ್ನ ಗಂಡನ ಜೊತೆ ವರ್ಷ ವರ್ಷವೂ ಆ ಓಟ ಓಡಿದವಳು. ಎರಡು ಚಳಿಗಾಲದ ಹಿಂದೆ ಗಂಡ ತೀರಿಕೊಂಡ, ಹೋದ ವರ್ಷ ತಂಡ ಕೂಡಲಿಲ್ಲ.

"ಇನ್ನೊಂದು ಸಲ ಓಡಬೇಕು" ಎಂದಳು ಅವಳು ಮೊದಲ ದಿನವೇ. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದ್ದು, ಹಾಗಾಗಿ ನಮ್ಮಿಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ನಾನು ಮೇಡಂ ಗತ್ತಿನಲ್ಲಿ, "ಆಯ್ತು ಬಿಡಿ, ನಾನಿದ್ದೀನಿ" ಎಂದೆ.

ಕತ್ತಲು ಗಟ್ಟಿಯಾಗುತ್ತ ಬಂದ ಹಾಗೆ ಜನ ಕರಗತೊಡಗಿದರು. ಮೊದಲು ಎಲೀನಾ ಬರಲಿಲ್ಲ. ಆಮೇಲೆ ಯೂಹಾ. ನನಗೆ ಆಶ್ಚರ್ಯವಾದದ್ದು ಅವರು ಬರದೇ ಇದ್ದದ್ದಲ್ಲ, ಯಾಕೆ ಬರಲಿಲ್ಲ ಎಂದು ಯಾರೂ ಕೇಳದೇ ಇದ್ದದ್ದು. ನಮ್ಮ ದುರ್ಗದಲ್ಲಿ ಒಬ್ಬಳು ಒಂದು ಬೆಳಿಗ್ಗೆ ತಪ್ಪಿಸಿಕೊಂಡರೆ ಅದು ವಾರದ ಸುದ್ದಿ. ಜ್ವರವೇ, ಗಂಡ ಬೈದನೇ, ಮನೆಗೆ ನೆಂಟರು ಬಂದರೇ, ಎಲ್ಲ ವಿಚಾರಣೆ ಆಗಬೇಕು. ಇಲ್ಲಿ ಮಾರ್ಯಾ ಗಡಿಯಾರ ನೋಡಿ, "ಅವರಿಗೆ ಇಷ್ಟವಿಲ್ಲದಿರಬಹುದು" ಎಂದು ಹೊರಟುಬಿಡುತ್ತಿದ್ದಳು. ಅದು ಅವರ ಮರ್ಯಾದೆ. ಇನ್ನೊಬ್ಬರ ಮನಸ್ಸಿನೊಳಗೆ ಕಾಲಿಡಬಾರದು ಎಂಬ ಮರ್ಯಾದೆ. ಬಸ್ಸಿಗೆ ಕಾಯುವಾಗಲೂ ಒಬ್ಬರಿಂದ ಒಬ್ಬರು ಎಮ್ಮೆ ಕಟ್ಟುವಷ್ಟು ದೂರ ನಿಲ್ಲುವ ಜನ ಅವರು. ಒಂದು ದಿನ ಮಾರ್ಯಾಳೂ ಬರಲಿಲ್ಲ. ನಾನೂ ಅವರಂತೆಯೇ ಮರ್ಯಾದೆಯಿಂದ ಸುಮ್ಮನಾದೆ.

ಅದರ ಮರುದಿನ ನಾನೇ ಏಳಲಿಲ್ಲ. ಅದರ ಮರುದಿನವೂ ಇಲ್ಲ. ಶಾಲೆಯಲ್ಲಿ ಮಕ್ಕಳು ಕುಂಟುನೆಪ ಹೇಳಿದರೆ ಮೈದಾನ ಸುತ್ತಿಸುವ ನಾನು ಹಾಸಿಗೆಯಲ್ಲಿ ಬಿದ್ದು, ಹೊರಗೆ ಕತ್ತಲು, ಬೂಟು ಒದ್ದೆ, ನಿನ್ನೆ ಸೊಂಟ ಹಿಡಿದಿತ್ತು ಎಂದು ನನಗೇ ನೆಪ ಹೇಳಿಕೊಳ್ಳುತ್ತಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು, ಆದರೆ ಸಿಟ್ಟು ಯಾರನ್ನೂ ಎಬ್ಬಿಸುವುದಿಲ್ಲ.

ದುರ್ಗಕ್ಕೆ ಫೋನು ಮಾಡಿದೆ. ನನಗಿನ್ನೂ ಕತ್ತಲು, ಅವರಿಗಾಗಲೇ ಓಟ ಮುಗಿದು ಇಡ್ಲಿ ತಿನ್ನುವ ಹೊತ್ತು. ವಿಡಿಯೋದಲ್ಲಿ ಎಲ್ಲರ ಮುಖ, ಎಲ್ಲರ ಬಾಯಲ್ಲೂ ಇಡ್ಲಿ. ತಿಪ್ಪಕ್ಕನಿಗೆ ಸುಳ್ಳು ಹೇಳಲು ನನಗೆ ಬರುವುದಿಲ್ಲ. "ಎದ್ದೇಳಾಕೆ ಆಗ್ತಿಲ್ಲ ಕಣೇ" ಎಂದೆ.

"ನಿನ್ ಬಾಗ್ಲು ಬಡಿಯೋರಿಲ್ಲ ಅಂದ್ರೆ ನೀನೇ ಹೋಗಿ ಇನ್ನೊಬ್ರ ಬಾಗ್ಲು ಬಡಿ" ಎಂದಳು ತಿಪ್ಪಕ್ಕ, ಚಟ್ನಿ ಬಡಿಸಿಕೊಳ್ಳುತ್ತ. "ಬಡಿಯಾಕೆ ಹೋಗ್ಬೇಕು ಅಂದ್ರೆ ಎದ್ದೇಳಲೇಬೇಕಲ್ಲ. ನಾನು ದಿನಾ ಇನ್ನೇನ್ ಮಾಡ್ತಿರೋದು?"

ಮಾರ್ಯಾಳ ಬಾಗಿಲು

ಮರುದಿನ ಎದ್ದೆ. ಲಾಳದ ಬೂಟು ಕಟ್ಟಿ, ಬಿಲ್ಲೆ ತೂಗುಹಾಕಿ, ನಾಲ್ಕು ಮನೆ ಆಚೆಗಿದ್ದ ಮಾರ್ಯಾಳ ಬಾಗಿಲ ಮುಂದೆ ನಿಂತು, ದುರ್ಗದಲ್ಲಿ ಹೇಗೆ ಬಡಿಯುತ್ತೇವೋ ಹಾಗೇ ಬಡಿದೆ. ಅಂಗೈಯಿಂದ, ದಬದಬನೆ, ಜೊತೆಗೆ "ಮಾರ್ಯಾ, ಮಾರ್ಯಾ" ಎಂದು ಕೂಗುತ್ತ.

ಒಳಗೆ ಏನೋ ಬಿದ್ದ ಸದ್ದು. ದೀಪ ಹತ್ತಿತು. ಬಾಗಿಲು ತೆರೆದ ಮಾರ್ಯಾಳ ಮುಖದಲ್ಲಿ ರಕ್ತವೇ ಇರಲಿಲ್ಲ. ರಾತ್ರಿಯುಡುಪಿನ ಮೇಲೆ ಕೋಟು, ಒಂದೇ ಕಾಲಿಗೆ ಚಪ್ಪಲಿ.

"ಯಾರು? ಯಾರಿಗೆ ಏನಾಯಿತು?" ಎಂದಳು.

"ಯಾರಿಗೂ ಏನೂ ಆಗಿಲ್ಲ. ಓಡೋಕೆ ಹೋಗೋಣ ಅಂತ ಬಂದೆ" ಎಂದೆ.

ಅವಳು ನನ್ನ ಬೂಟು ನೋಡಿದಳು, ಬಿಲ್ಲೆ ನೋಡಿದಳು, ಮೆಲ್ಲಗೆ ಬಾಗಿಲು ಹಾಕಿಕೊಂಡಳು.

ಶಾರಿಗೆ ಹೇಳಿದಾಗ ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ ಅಕ್ಕ, ಇಲ್ಲಿ ಹೇಳ್ದೆ ಕೇಳ್ದೆ ಯಾರೂ ಯಾರ ಬಾಗ್ಲೂ ಬಡಿಯಲ್ಲ. ಅದೂ ಈ ಹೊತ್ನಾಗೆ. ಬೆಂಕಿ ಬಿದ್ರೆ, ಇಲ್ಲಾ ಸಾವಾದ್ರೆ ಅಷ್ಟೇಯ. ಅವ್ಳ ಗಂಡ ಒಂದಿನ ಬೆಳಿಗ್ಗೆ ಓಡಾಕೆ ಹೋದೋನು ದಾರೀಲೇ ಬಿದ್ದೋದ. ಪೊಲೀಸ್ನೋರು ಬಂದು ಹಿಂಗೇ ಬಾಗ್ಲು ಬಡಿದು ಹೇಳಿದ್ರು."

ಭೂಮಿ ಬಾಯ್ಬಿಟ್ಟರೆ ಹೋಗಿಬಿಡೋಣ ಅನ್ನಿಸಿತು. ಆ ಭೂಮಿಯೋ ಮಂಜು ಕಟ್ಟಿ ಕಲ್ಲಾಗಿತ್ತು. ಆ ದಿನವೆಲ್ಲ ಊಟ ಸೇರಲಿಲ್ಲ. ಮರುದಿನ ಎಚ್ಚರವಿದ್ದರೂ ಹೊರಗೆ ಕಾಲಿಡಲಿಲ್ಲ. ಇನ್ನು ಈ ಊರಿನಲ್ಲಿ ಯಾರಿಗೂ ಮುಖ ತೋರಿಸುವುದು ಬೇಡ, ತಂಗಿಗೆ ಮುದ್ದೆ ಮಾಡಿಹಾಕಿಕೊಂಡು ಇದ್ದುಬಿಡುತ್ತೇನೆ ಎಂದುಕೊಂಡೆ.

ಮಧ್ಯಾಹ್ನ ಸೂರ್ಯ ಮುಖ ತೋರಿಸುವ ಹೊತ್ತಿಗೆ ಶಾರಿಯ ಫೋನಿಗೆ ಮೆಸೇಜು ಬಂತು. ನಿಮ್ಮಕ್ಕನಿಗೆ ಹುಷಾರಿಲ್ಲವೇ ಎಂದು ಮಾರ್ಯಾ ಕೇಳಿದ್ದಳು. ಶಾರಿ ಕಿಟಕಿಯಲ್ಲಿ ಇಣುಕಿ, "ಅಕ್ಕ, ಅಲ್ಲ್ ನೋಡು" ಎಂದಳು. ಮಾರ್ಯಾ ನಮ್ಮ ಗೇಟಿನ ಮುಂದೆಯೇ ನಿಂತು, ಗೇಟು ಮುಟ್ಟದೆ, ಫೋನು ನೋಡುತ್ತಿದ್ದಳು.

ನಾನು ಗೇಟಿಗೆ ಓಡಿದೆ. ಕ್ಷಮೆ ಕೇಳಲು ಬಾಯಿ ತೆಗೆಯುವ ಮೊದಲೇ ಅವಳು ಹೇಳಿದಳು: "ಇವತ್ತು ಬೆಳಿಗ್ಗೆ ನಾನು ಬೂಟು ಹಾಕಿಕೊಂಡು ಬಾಗಿಲ ಹತ್ತಿರವೇ ಕುರ್ಚಿಯಲ್ಲಿ ಕೂತಿದ್ದೆ. ನೀವು ಬರಲಿಲ್ಲ."

ನನಗೆ ಅಳು ಬಂತು. ಅಲ್ಲಿಯ ಚಳಿಯಲ್ಲಿ ಕಣ್ಣೀರು ರೆಪ್ಪೆಯಲ್ಲೇ ಕಟ್ಟಿಕೊಳ್ಳುತ್ತದೆ ಎಂಬುದು ನನಗೆ ಗೊತ್ತಾದದ್ದು ಆಗಲೇ.

"ಬಾಗಿಲ ಸದ್ದು ಕೇಳಿದರೆ ನನಗೆ ನೆನಪಾಗುವುದು ಅದೊಂದೇ ಬೆಳಿಗ್ಗೆ" ಎಂದಳು ಮಾರ್ಯಾ. "ಆ ಸದ್ದಿಗೆ ಬೇರೆ ಬೆಳಿಗ್ಗೆಗಳೂ ಬೇಕು."

ಅಲ್ಲೇ ನಿಂತು ಒಂದು ಒಪ್ಪಂದ ಮಾಡಿಕೊಂಡೆವು. ಅಂಗೈಯಿಂದ ಬಡಿಯುವಂತಿಲ್ಲ, ಹೆಸರು ಕೂಗುವಂತಿಲ್ಲ. ಬೆರಳಿನ ಗೆಣ್ಣಿನಿಂದ ಎರಡು ನಿಧಾನ, ಒಂದು ಬೇಗ. ಟಕ್, ಟಕ್, ಟಕ. ಸಾವಿನ ಸುದ್ದಿ ತರುವವರು ಯಾರೂ ಹಾಗೆ ತಟ್ಟುವುದಿಲ್ಲ.

ಜನವರಿ: ಸರದಿ

ದುರ್ಗದ ಪದ್ಧತಿಯಲ್ಲಿ ಎದ್ದವಳು ಇನ್ನೊಬ್ಬರನ್ನು ಎಬ್ಬಿಸಬೇಕು. ಇದನ್ನು ಹೇಳಿದಾಗ ಮಾರ್ಯಾ, ನಾನು ಕೋಟೆ ಗೋಡೆ ಹತ್ತಲು ಹೇಳಿದೆನೋ ಎಂಬಂತೆ ನೋಡಿದಳು. ಯೂಹಾನ ಮನೆ ಪಕ್ಕದ ಸಾಲಿನಲ್ಲೇ ಇತ್ತು. ಅಷ್ಟು ವರ್ಷಗಳಲ್ಲಿ ಅವಳು ಆ ಬಾಗಿಲು ತಟ್ಟಿರಲಿಲ್ಲ. ಮೊದಲ ದಿನ ತಟ್ಟಿದ್ದು ಒಳಗಿನ ಬೆಕ್ಕಿಗೂ ಕೇಳಿಸುವಂತಿರಲಿಲ್ಲ. "ಇನ್ನೊಂಚೂರು ಜೋರಾಗಿ" ಎಂದು ನಾನು ಹಿಂದಿನಿಂದ ಹುರಿದುಂಬಿಸಿದೆ.

ಯೂಹಾ ಬಾಗಿಲು ತೆರೆದ. ಬನಿಯನ್ನು, ಉಣ್ಣೆಯ ಕಾಲುಚೀಲ, ಕೆದರಿದ ತಲೆ.

"ಮನೆಗೆ ಬೆಂಕಿ ಬಿದ್ದಿದೆಯಾ?" ಎಂದ.

"ಇಲ್ಲ. ಓಡಲು" ಎಂದಳು ಮಾರ್ಯಾ.

ಅವನು ನಮ್ಮಿಬ್ಬರ ಬೂಟು ನೋಡಿ ಬಾಗಿಲು ಹಾಕಿಕೊಂಡ. ಕೆಟ್ಟಿತು ಕೆಲಸ ಎಂದು ನಾವು ತಿರುಗಿ ಹೆಜ್ಜೆ ಹಾಕುವಷ್ಟರಲ್ಲಿ, ಬೂಟು ಕಟ್ಟಿಕೊಂಡು, ಟೋಪಿ ಹಾಕಿಕೊಂಡು ಹೊರಗೆ ಬಂದ. ನಮ್ಮ ಜೊತೆ ಓಡಿದ. ವಾರ ಕಳೆಯುವ ಹೊತ್ತಿಗೆ ಎಲೀನಾಳ ಬಾಗಿಲು ತಟ್ಟುವ ಅಧಿಕಾರ ತನ್ನದೇ ಎಂದು ಬೇರೆ ಯಾರಿಗೂ ಬಿಡದೆ ಹೋದ. ತಟ್ಟುವ ಮೊದಲು ಕೈಗವಸು ತೆಗೆದು, ಗಂಟಲು ಸರಿಮಾಡಿಕೊಂಡು, ಸೆಟೆದು ನಿಲ್ಲುತ್ತಿದ್ದ. ಬಾಗಿಲು ತಟ್ಟಲು ಗಂಟಲು ಯಾಕೆ ಸರಿಮಾಡಿಕೊಳ್ಳಬೇಕೋ ದೇವರೇ ಬಲ್ಲ.

ಆ ಜನವರಿಯನ್ನು ನಾನು ಮರೆಯಲಾರೆ. ಮೈನಸ್ ಇಪ್ಪತ್ತರ ಕತ್ತಲಲ್ಲಿ ನಾಲ್ಕು ಬಿಲ್ಲೆಗಳು ಮಿನುಗುತ್ತ ಕೆರೆಯಂಚಿನ ದಾರಿಯಲ್ಲಿ ಓಡುವುದು. ಉಸಿರು ಹೊಗೆಯಾಗಿ ಹುಬ್ಬಿನ ಮೇಲೆ ಬಿಳಿ ಕಟ್ಟುವುದು. ಓಟ ಮುಗಿದ ಮೇಲೆ ಶಾರಿಯ ಅಡುಗೆಮನೆಯಲ್ಲಿ ಕಾಫಿ, ಅವರ ಕರಿ ಬ್ರೆಡ್ಡಿಗೆ ನನ್ನ ಶೇಂಗಾ ಚಟ್ನಿಪುಡಿ. ಯೂಹಾ ಮೂಗು ಒರೆಸಿಕೊಂಡು ಮತ್ತೆ ಕೈಯೊಡ್ಡುತ್ತಿದ್ದ. ಶಾರಿಯೂ ಊರುಗೋಲು ಬಿಟ್ಟು ನಡೆಯತೊಡಗಿದ್ದಳು. "ಮೂರ್ ವರ್ಷದಿಂದ ಇಲ್ಲಿದೀನಿ ಅಕ್ಕ, ಇವ್ರ್ಯಾರೂ ಈ ಟೇಬಲ್ಲಿಗೆ ಬಂದು ಕುಂತಿರ್ಲಿಲ್ಲ" ಎಂದಳು ಒಂದು ದಿನ. ಎದೆಯುಬ್ಬಿ, ಇದು ನಮ್ಮ ದುರ್ಗದ ಪದ್ಧತಿ ಎಂದು ಕಾಫಿ ಕುಡಿಯಲು ಬಂದವರಿಗೆಲ್ಲ ಹೇಳಿದೆ. ಯಾರ ಕೋಟೆ, ಎಂಥ ಕೋಟೆ ಎಂದೂ ಹೇಳಿದೆ. ಅವರು ಕೇಳಿರಲಿಲ್ಲ, ನಾನು ಬಿಡಲಿಲ್ಲ.

ಒಂದು ಮಾತು ಮಾತ್ರ ಒಳಗೇ ಕುಟುಕುತ್ತಿತ್ತು. ಸರದಿಯಲ್ಲಿ ಮೊದಲನೆಯವಳು ನಾನು. ನಾನು ಎಲ್ಲರನ್ನೂ ಎಬ್ಬಿಸುತ್ತಿದ್ದೆ, ನನ್ನ ಬಾಗಿಲು ಬಡಿಯುವವರು ಯಾರೂ ಇರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ತಿಪ್ಪಕ್ಕ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಇನ್ನೂ ಉತ್ತರವಿರಲಿಲ್ಲ.

ಕೆರೆಯ ಮೇಲೆ

ಫೆಬ್ರವರಿ ಕೊನೆಗೆ ಓಟದ ದಿನ ಬಂತು. ಆ ಬೆಳಿಗ್ಗೆ ಅಲಾರಾಂ ಹೊಡೆದಾಗ ನನ್ನ ಮೈ ಸೀಸದಂತಿತ್ತು. ಜ್ವರವಿಲ್ಲ, ನೋವಿಲ್ಲ, ಹೆದರಿಕೆ ಮಾತ್ರ. ತುಂಬಿದ ಕೆರೆಯ ನಟ್ಟನಡುವೆ ಹೋಗಬೇಕು. ಅಷ್ಟು ದಿನವೂ ನಾವು ಓಡಿದ್ದು ದಡದ ದಾರಿಯಲ್ಲಿ. ನಾನು ಈಜು ಬಾರದವಳು. ನನ್ನಿಂದಲೇ ತಂಡ ಹಿಂದೆ ಬಿದ್ದರೆ, ನಡುವೆ ನಾನು ಕೂತುಬಿಟ್ಟರೆ ಮಾರ್ಯಾಳ ಓಟ ಇನ್ನೊಂದು ವರ್ಷಕ್ಕೆ ಹೋಯಿತು. ಇಂಥ ಯೋಚನೆಯಲ್ಲೇ ಕೈ ಅಲಾರಾಂ ಆರಿಸಿತು. ರಗ್ಗು ತಲೆಯ ಮೇಲೆ ಬಂತು. ನಾನು ಹೋಗದಿದ್ದರೆ ಮಾರ್ಯಾ ಏಳುವುದಿಲ್ಲ, ಅವಳು ಏಳದಿದ್ದರೆ ಯೂಹಾ ಇಲ್ಲ, ಎಲೀನಾ ಇಲ್ಲ. ಗೊತ್ತಿತ್ತು. ಗೊತ್ತಿದ್ದೂ ಮಲಗಿದ್ದೆ.

ಟಕ್, ಟಕ್, ಟಕ.

ಮೊದಲು ಕನಸೆಂದುಕೊಂಡೆ. ಮತ್ತೆ ಟಕ್, ಟಕ್, ಟಕ. ಒಳಕೋಣೆಯಿಂದ ಶಾರಿ, "ಅಕ್ಕ, ಯಾರೋ ಬಾಗ್ಲು ಬಡೀತಾವ್ರೆ" ಎಂದಳು. ಅವಳ ದನಿಯಲ್ಲಿ ನಗುವಿತ್ತು.

ಬಾಗಿಲು ತೆರೆದೆ. ಮಾರ್ಯಾ, ಅವಳ ಹಿಂದೆ ಎಲೀನಾ, ಎಲ್ಲರ ಹಿಂದೆ ಯೂಹಾ. ಮೂರೂ ಬಿಲ್ಲೆಗಳು ನಮ್ಮ ಹೊಸ್ತಿಲ ಬೆಳಕಿಗೆ ಹೊಳೆಯುತ್ತಿದ್ದವು. ಹಿಂದಿನವಳು ಬರದಿದ್ದರೆ ಮುಂದಿನವಳು ವಾಪಸು ಹೋಗಿ ಬಡಿಯಬೇಕು ಎಂಬ ನಿಯಮವನ್ನು ನಾನು ಇವರಿಗೆ ಹೇಳಿರಲೇ ಇಲ್ಲ.

ಯೂಹಾ ಗಂಟಲು ಸರಿಮಾಡಿಕೊಂಡು, "ಮನೆಗೆ ಬೆಂಕಿ ಬಿದ್ದಿದೆಯಾ?" ಎಂದ.

ಲಾಳದ ಬೂಟು ಹುಡುಕಿ ಕಟ್ಟಿಕೊಳ್ಳಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಕೆರೆಯ ಮೇಲೆ ಮೊದಲ ಹೆಜ್ಜೆ ಇಡುವಾಗ ಮಾರ್ಯಾಳ ತೋಳು ಹಿಡಿದಿದ್ದೆ, ಸುಳ್ಳೇಕೆ ಹೇಳಲಿ. ಅಡಿಯಲ್ಲಿ ಮಂಜುಗಡ್ಡೆ ಒಮ್ಮೊಮ್ಮೆ ಗುಂಯ್ ಎಂದು ನರಳುತ್ತದೆ. ನರಳಿದರೆ ಗಟ್ಟಿಯಾಗಿದೆ ಎಂದು ಅರ್ಥವಂತೆ. ದ್ವೀಪದ ಹಿಂಬದಿಯಲ್ಲಿ ಗಾಳಿ ಎದುರಾಯಿತು. ಉಳಿದವರು ತಲೆ ತಗ್ಗಿಸಿ ತೂರಾಡಿದಾಗ ನನಗೆ ಒಳಗೊಳಗೇ ಖುಷಿಯಾಯಿತು, ಯಾಕೆಂದರೆ ಗಾಳಿಗೆ ಎದುರಾಗಿ ಓಡುವುದನ್ನು ಜೋಗಿಮಟ್ಟಿಯ ಗಾಳಿಯಲ್ಲಿ ಓಡಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ಮುಂದೆ ಬಂದೆ. "ನನ್ನ ಬೆನ್ನ ಹಿಂದೆ ಬನ್ನಿ" ಎಂದೆ. ಮೂವರೂ ಒಬ್ಬರ ಹಿಂದೆ ಒಬ್ಬರು ನನ್ನ ಬೆನ್ನ ಮರೆಗೆ ಬಂದರು. ಕುರಿ ಮಂದೆಯ ಮುಂದೆ ನಡೆಯುತ್ತಿದ್ದ ನಮ್ಮಪ್ಪ ನೆನಪಾದ.

ನಾಲ್ವರೂ ಒಟ್ಟಿಗೆ ಗೆರೆ ದಾಟಿದೆವು. ನಮಗಿಂತ ಮೊದಲು ಮುಟ್ಟಿದವರು ಬೇಕಾದಷ್ಟಿದ್ದರು, ಇರಲಿ. ಯಾರೋ ಕೊರಳಿಗೆ ಒಂದೊಂದು ಪದಕ ಹಾಕಿ, ಬಿಸಿ ಹಣ್ಣಿನ ರಸ ಕೈಗಿತ್ತರು. ಅಲ್ಲಿಯವರು ಅಪ್ಪಿಕೊಳ್ಳುವ ಜನವಲ್ಲ. ಮಾರ್ಯಾ ಒಮ್ಮೆ ಕೆರೆಯ ಕಡೆ ತಿರುಗಿದಳು. ಆಮೇಲೆ ಕೈಗವಸು ತೆಗೆದು, ನನ್ನ ಬೆನ್ನಿನ ಮೇಲೆ ಗೆಣ್ಣಿನಿಂದ ಎರಡು ನಿಧಾನ, ಒಂದು ಬೇಗ ತಟ್ಟಿದಳು.

ಮತ್ತೆ ಚಂದ್ರವಳ್ಳಿ ರಸ್ತೆ

ದುರ್ಗಕ್ಕೆ ಬಂದ ಮರುದಿನ ಬೆಳಿಗ್ಗೆಯೇ ತಿಪ್ಪಕ್ಕ ಬಾಗಿಲು ಬಡಿದಳು. ಅಂಗೈಯಿಂದ, ದಬದಬನೆ, ಬೀದಿಗೆಲ್ಲ ಕೇಳುವಂತೆ. ಎಷ್ಟು ಚೆಂದ ಕೇಳಿಸಿತೆಂದರೆ ಇನ್ನೊಂದು ಸಲ ಬಡಿಯಲಿ ಎಂದು ಬೇಕಂತಲೇ ತಡಮಾಡಿದೆ.

ಓಟ ಮುಗಿಸಿ ಇಡ್ಲಿ ಅಂಗಡಿಯಲ್ಲಿ ಕುಂತಾಗ ಎಲ್ಲರೂ ನನ್ನ ಪದಕವನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಬೆಳ್ಳಿಯದಲ್ಲ ಎಂದು ಒಬ್ಬಳು ಕಚ್ಚಿಯೂ ನೋಡಿ ತೀರ್ಪು ಕೊಟ್ಟಳು. ತಿಪ್ಪಕ್ಕ ಮಾತ್ರ ಪದಕ ಮುಟ್ಟಲಿಲ್ಲ.

"ಅದಿರ್ಲಿ, ಅಲ್ಲಿ ನಿನ್ ಬಾಗ್ಲು ಯಾರ್ ಬಡಿದ್ರು, ಅದನ್ನ ಹೇಳು" ಎಂದಳು.

"ಎಲ್ಲಾರೂ ಬಡಿದ್ರು ಕಣೇ. ಮೂರು ಜನಾನೂ ಬಂದು ಬಡಿದ್ರು" ಎಂದೆ.

"ಹಂಗಾದ್ರೆ ಅವತ್ತು ಎದ್ದಿರ್ಲಿಲ್ಲ ಅನ್ನು ಪಿ.ಟಿ. ಮೇಡಮ್ಮು. ಮಲಗಿದ್ದೆ."

"ಹೂಂ, ಮಲಗಿದ್ದೆ" ಎಂದೆ. ಆ ಮಾತನ್ನು ಅಷ್ಟು ಹೆಮ್ಮೆಯಿಂದ ನಾನು ಹುಟ್ಟಿದಾಗಿನಿಂದ ಹೇಳಿರಲಿಲ್ಲ.